ಏರ್‌ಗನ್ ಗಾಳಿ ತುಂಬುವ ಹೋಸ್: ಬೆಲೆಗಿಂತ ಹೊಣೆ ದೊಡ್ಡದು

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಚಿನ್ನ ಗೆದ್ದರು. 2024ರ ಪ್ಯಾರಿಸ್ ಕ್ರೀಡಾಕೂಟದಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಪಡೆದರು. ಈ ಸ್ಪರ್ಧೆಗಳ ಬಂದೂಕುಗಳಿಗೆ ಸಾಮಾನ್ಯವಾಗಿ 200 ಬಾರ್ ಒತ್ತಡದ ಗಾಳಿಯನ್ನು ದೊಡ್ಡ ಸಿಲಿಂಡರಿನಿಂದ ಹೋಸ್ ಮೂಲಕ ತುಂಬಲಾಗುತ್ತದೆ. ಹೋಸ್ ಸಣ್ಣ ಸರಕು. ಆದರೆ ಅದನ್ನು ತಯಾರಿಸುವವರ ಹಾಗೂ ಮಾರುವವರ ಹೊಣೆ ಸಣ್ಣದಲ್ಲ.

ಒತ್ತಡದ ಅಂಕಿ

ಹೋಸ್‌ಗೆ ಎರಡು ಅಂಕಿಗಳಿವೆ: ಬಳಕೆಯ ಒತ್ತಡ ಮತ್ತು ಸಿಡಿಯುವ ಒತ್ತಡ. ಹೈಡ್ರಾಲಿಕ್ ಹೋಸ್‌ಗಳಲ್ಲಿ ಎರಡನೆಯದು ಮೊದಲನೆಯದರ ನಾಲ್ಕು ಪಟ್ಟು ಇರುವುದು ರೂಢಿ. 12,000 ಪಿಎಸ್‌ಐಗೆ ಸಿಡಿಯುವ ಹೋಸ್‌ನ ಬಳಕೆಯ ಮಿತಿ ಈ ಲೆಕ್ಕದಲ್ಲಿ 3,000 ಪಿಎಸ್‌ಐ, ಅಂದರೆ ಸುಮಾರು 207 ಬಾರ್. ದೊಡ್ಡ ಅಂಕಿಯನ್ನಷ್ಟೇ ನೋಡಿ ಅದನ್ನು 300 ಬಾರ್ ಸಿಲಿಂಡರಿಗೆ ಜೋಡಿಸುವುದು ಅಪಾಯಕರ. ಸಿಲಿಂಡರ್, ಹೋಸ್, ಫಿಟ್ಟಿಂಗ್ ಮತ್ತು ಬಂದೂಕಿನ ಟ್ಯಾಂಕ್ ಇವುಗಳಲ್ಲಿ ಅತಿ ಕಡಿಮೆ ಮಿತಿಯದೇ ಇಡೀ ಜೋಡಣೆಯ ಮಿತಿ.

ಒಳವ್ಯಾಸ

ಒಂದು ಮೀಟರ್ ಉದ್ದದ, 6 ಮಿಲಿಮೀಟರ್ ಒಳವ್ಯಾಸದ ಹೋಸ್‌ನಲ್ಲಿ ಸುಮಾರು 28 ಮಿಲಿಲೀಟರ್ ಜಾಗವಿದೆ. 2 ಮಿಲಿಮೀಟರಿನದರಲ್ಲಿ 3 ಮಿಲಿಲೀಟರ್ ಮಾತ್ರ. ಪ್ರತಿ ಬಾರಿ ಗಾಳಿ ತುಂಬಿದ ಮೇಲೆ ಹೋಸ್‌ನಲ್ಲಿ ಉಳಿದ ಗಾಳಿಯನ್ನು ಹೊರಬಿಡಬೇಕಾದ್ದರಿಂದ, ದಪ್ಪ ಹೋಸ್‌ನಲ್ಲಿ ನಷ್ಟ ಒಂಬತ್ತು ಪಟ್ಟು. ಹೋಸ್ ಸಿಡಿದರೆ ಅದರಲ್ಲಡಗಿದ ಶಕ್ತಿಯೂ ಅಷ್ಟೇ ಹೆಚ್ಚು. ನೀರಿನಂತಲ್ಲದೆ, ಸಂಕುಚಿತ ಗಾಳಿ ಬಿಡುಗಡೆಯಾದೊಡನೆ ರಭಸದಿಂದ ಹಿಗ್ಗುತ್ತದೆ. ಆದುದರಿಂದ ಒತ್ತಡ ಪರೀಕ್ಷೆಯನ್ನು ನೀರಿನಿಂದಲೇ ನಡೆಸಬೇಕು.

ಜೋಡಣೆ

ಗಾಳಿ ಹೊರಬಿಡುವ ವಾಲ್ವ್ ಮತ್ತು ಒತ್ತಡಮಾಪಕ ಇರುವ ಜೋಡಣೆಯನ್ನೇ ಆಯ್ದುಕೊಳ್ಳಬೇಕು. ಒತ್ತಡ ಇಳಿಯದೆ ಹೋಸ್ ಕಳಚಬಾರದು. ಸಾಮಾನ್ಯ ಎಣ್ಣೆ, ಗ್ರೀಸ್ ತಾಗಬಾರದು. ಅಧಿಕ ಒತ್ತಡದ ಗಾಳಿಯಲ್ಲಿ ಅವು ಹೊತ್ತಿಕೊಳ್ಳಬಲ್ಲವು. ಉಬ್ಬಿದ, ಮಡಿಚಿದ ಗುರುತುಳ್ಳ ಅಥವಾ ಹೊದಿಕೆ ಸವೆದ ಹೋಸ್ ಅನ್ನು ದುರಸ್ತಿ ಮಾಡದೆ ಬದಲಾಯಿಸುವುದೇ ಲೇಸು.

ಮಾರಾಟಗಾರರ ಹೊಣೆ

2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಉತ್ಪನ್ನ ಹೊಣೆಗಾರಿಕೆಯ ನಿಯಮಗಳು 2020ರ ಜುಲೈನಿಂದ ಜಾರಿಯಲ್ಲಿವೆ. ಸರಕನ್ನು ಮಾರ್ಪಡಿಸಿ, ಅದರಿಂದಲೇ ಹಾನಿ ಬಹುಮಟ್ಟಿಗೆ ಸಂಭವಿಸಿದರೆ ಮಾರಾಟಗಾರರು ಹೊಣೆಯಾಗಬಹುದು. ಜೋಡಣೆ ಅಥವಾ ತಪಾಸಣೆಯಲ್ಲಿ ಯುಕ್ತ ಎಚ್ಚರ ವಹಿಸದೆ ಹಾನಿಯಾದರೂ, ತಯಾರಕರು ಯಾರೆಂದು ತಿಳಿಯದಿದ್ದರೂ ಹೊಣೆ ಅವರತ್ತ ಬರಬಹುದು. ಅಂಗಡಿಯಲ್ಲೇ ಹೋಸ್ ಕತ್ತರಿಸಿ, ಫಿಟ್ಟಿಂಗ್ ಕ್ರಿಂಪ್ ಮಾಡಿ, ಹೆಸರಿಲ್ಲದ ಪೊಟ್ಟಣದಲ್ಲಿ ಮಾರುವ ವ್ಯಾಪಾರಿ ಈ ಮೂರಕ್ಕೂ ಸಿಲುಕಬಹುದು.

ಆದುದರಿಂದ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ ಮತ್ತು ಬಳಕೆಯ ಒತ್ತಡವನ್ನು ಬಿಲ್ಲಿನಲ್ಲಿ ನಮೂದಿಸುವುದು, ಪರೀಕ್ಷಾ ಪ್ರಮಾಣಪತ್ರವನ್ನು ಕಡತದಲ್ಲಿಡುವುದು ಕ್ಷೇಮಕರ. ಇದರ ಖರ್ಚು ಅತ್ಯಲ್ಪ. ಒಂದೇ ಅವಘಡದ ಪರಿಹಾರವು ಹಲವು ವರ್ಷಗಳ ಲಾಭವನ್ನು ನುಂಗಬಲ್ಲದು.