ಪ್ಯುಟ್ರೆಸೀನ್ ಎಂದರೇನು?

ಬೆಳೆಗಳ ಪೋಷಣೆ ಅಥವಾ ರಸಮೇವಿನ ಬಗ್ಗೆ ಓದುವಾಗ 'ಪ್ಯುಟ್ರೆಸೀನ್' ಎಂಬ ಪದವನ್ನು ತಾವು ಕಂಡಿರಬಹುದು. ನಾಲಗೆಗೆ ಒಗ್ಗದ ಈ ಪದ ರಸಾಯನ ಶಾಸ್ತ್ರಜ್ಞರಿಗೆ ಮಾತ್ರ ಸೇರಿದ್ದೆಂದು ಬದಿಗಿಡಬೇಕಾಗಿಲ್ಲ. ಮುಸುಕಿನ ಜೋಳ ಬೆಳೆದು ಹಸು ಸಾಕುವ ರೈತರಿಗೆ ಇದು ಹೊಲದಲ್ಲೂ ಸಂಬಂಧಪಟ್ಟದ್ದು, ಮೇವಿನ ಗುಂಡಿಯಲ್ಲೂ ಸಂಬಂಧಪಟ್ಟದ್ದು.

ಲ್ಯಾಟಿನ್ ಭಾಷೆಯಲ್ಲಿ ಕೊಳೆಯುವುದು ಎಂಬ ಅರ್ಥದ ಧಾತುವಿನಿಂದ ಈ ಹೆಸರು ಬಂದಿದೆ. ಬರ್ಲಿನ್ನಿನ ವೈದ್ಯ ಲುಡ್ವಿಗ್ ಬ್ರೀಗರ್ 1885 ರಲ್ಲಿ ಇದನ್ನು ಕೊಳೆತ ಮಾಂಸದಲ್ಲಿ ಗುರುತಿಸಿದ. ನಾಲ್ಕು ಇಂಗಾಲದ ಪರಮಾಣುಗಳ ಸರಪಳಿ, ಅದರ ಎರಡು ತುದಿಗಳಲ್ಲಿ ಸಾರಜನಕವುಳ್ಳ ಒಂದೊಂದು ಅಮೈನು ಗುಂಪು, ಇಷ್ಟೇ ಇದರ ರಚನೆ. ಇದಕ್ಕೆ ಇನ್ನೊಂದು ತುಂಡು ಸೇರಿದರೆ ಸ್ಪರ್ಮಿಡೀನ್, ಮತ್ತೊಂದು ಸೇರಿದರೆ ಸ್ಪರ್ಮೀನ್. ಇವೆಲ್ಲವನ್ನೂ ಒಟ್ಟಾಗಿ ಪಾಲಿಅಮೈನುಗಳು, ಅಂದರೆ ಬಹು ಅಮೈನುಗಳು, ಎನ್ನುತ್ತಾರೆ. ಲೆಕ್ಕ ಹಿಡಿದು ಹೇಳುವುದಾದರೆ ಪ್ಯುಟ್ರೆಸೀನಿನಲ್ಲಿ ಇರುವುದು ಎರಡೇ ಅಮೈನು. ಆದರೂ ಉಳಿದವುಗಳಿಗೆ ಅದೇ ಮೂಲವಾದುದರಿಂದ ಅದನ್ನೂ ಆ ಗುಂಪಿನಲ್ಲೇ ಸೇರಿಸುವುದು ರೂಢಿ.

ಹೆಸರು ಕೇಳಿ ಇದು ಕೊಳೆತ ವಸ್ತುವಿನಲ್ಲಿ ಮಾತ್ರ ಇರುತ್ತದೆಂದು ಭಾವಿಸಬಾರದು. ಜೀವಂತವಾದ ಪ್ರತಿಯೊಂದು ಸಸ್ಯದಲ್ಲೂ ಇದು ಅಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ನಾವು ಕುಡಿಯುವ ಕಿತ್ತಳೆ ರಸದಲ್ಲಂತೂ ಧಾರಾಳವಾಗಿಯೇ ಇದೆ! ಜೀವಕೋಶಗಳು ವಿಭಜನೆಗೊಂಡು ಬೆಳೆಯಲು ಪಾಲಿಅಮೈನುಗಳು ಬೇಕು. ಆದ್ದರಿಂದ ಈ ಪದ ಕಂಡಲ್ಲೆಲ್ಲ ವಿಷವೆಂದು ಓದುವುದು ಸರಿಯಲ್ಲ. ಎಲ್ಲಿ, ಎಷ್ಟು, ಏಕೆ ಹೆಚ್ಚಾಯಿತು ಎಂಬುದನ್ನು ನೋಡಬೇಕು.

ಮೊದಲು ಹೊಲದ ವಿಚಾರ. ಇಂಗ್ಲೆಂಡಿನ ರಿಚರ್ಡ್ಸ್ ಮತ್ತು ಕೋಲ್ಮನ್ ಎಂಬ ವಿಜ್ಞಾನಿಗಳು 1952 ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಪೊಟ್ಯಾಷ್ ಕೊಡದೆ ಬೆಳೆಸಿದ ಬಾರ್ಲಿ ಗಿಡಗಳ ಎಲೆಗಳಲ್ಲಿ ಪ್ಯುಟ್ರೆಸೀನ್ ಶೇಖರವಾಗಿತ್ತು. ಅನಂತರ ಇತರ ಅನೇಕ ಬೆಳೆಗಳಲ್ಲೂ ಇದೇ ಕಂಡುಬಂದಿತು. ಇದರ ಕಾರಣ ಸ್ವಾರಸ್ಯಕರವಾಗಿದೆ. ಪೊಟ್ಯಾಸಿಯಂ ಧನ ವಿದ್ಯುದಂಶವುಳ್ಳದ್ದು. ಜೀವಕೋಶದೊಳಗಿನ ಆಮ್ಲಗಳ ಋಣ ಅಂಶವನ್ನು ಅದು ಸರಿತೂಗಿಸುತ್ತದೆ. ಅದು ಸಿಗದಿದ್ದಾಗ ಗಿಡವು ಅರ್ಜಿನೀನ್ ಎಂಬ ಅಮೈನೋ ಆಮ್ಲದಿಂದ ಪ್ಯುಟ್ರೆಸೀನನ್ನು ತಯಾರಿಸಿ ಆ ಜಾಗವನ್ನು ಸ್ವಲ್ಪಮಟ್ಟಿಗೆ ತುಂಬಿಕೊಳ್ಳುತ್ತದೆ. ಆಳು ಬಾರದ ದಿನ ಮನೆಯ ಹುಡುಗನನ್ನು ನೇಗಿಲಿಗೆ ನಿಲ್ಲಿಸಿದಂತೆ. ಕೆಲಸ ನಿಲ್ಲುವುದಿಲ್ಲ, ಆದರೆ ಸಾಲು ನೆಟ್ಟಗಿರುವುದಿಲ್ಲ. ಮೇಲಾಗಿ ಈ ವಸ್ತು ಅತಿಯಾದರೆ ಎಲೆಗೇ ಹಾನಿ.

ಅಮೋನಿಯಂ ರೂಪದ ಸಾರಜನಕ ಅತಿಯಾದಾಗಲೂ, ಬರ ಮತ್ತು ಉಪ್ಪಿನ ಬಾಧೆಯಲ್ಲೂ ಪ್ಯುಟ್ರೆಸೀನ್ ಏರುವುದುಂಟು. ಹೀಗಾಗಿ ಇದೊಂದನ್ನೇ ಅಳೆದು ಪೊಟ್ಯಾಷ್ ಕೊರತೆಯೆಂದು ತೀರ್ಮಾನಿಸಲಾಗದು. ತಾವು ನೋಡಬೇಕಾದದ್ದು ಎಲೆಯನ್ನು. ಮುಸುಕಿನ ಜೋಳದಲ್ಲಿ ಕೆಳಗಿನ ಹಳೆಯ ಎಲೆಗಳ ಅಂಚು ಹಳದಿಯಾಗಿ, ತುದಿಯಿಂದ ಅಂಚಿನುದ್ದಕ್ಕೂ ಸುಟ್ಟಂತೆ ಒಣಗಿದರೆ ಪೊಟ್ಯಾಷ್ ಕೊರತೆಯನ್ನು ಶಂಕಿಸಬೇಕು. ಹಳದಿ ಬಣ್ಣ ನಡುನರದ ಗುಂಟ ಇಳಿದರೆ ಅದು ಸಾರಜನಕದ ಕೊರತೆ. ಅಂಚು ಸುಟ್ಟಿದ್ದನ್ನು ರೋಗವೆಂದು ತಿಳಿದು ಔಷಧಿ ಸಿಂಪಡಿಸುವವರೂ, ಇನ್ನೊಂದು ಮೂಟೆ ಯೂರಿಯಾ ಎರಚುವವರೂ ಇದ್ದಾರೆ. ಎರಡೂ ವ್ಯರ್ಥ ಖರ್ಚು. ಮಣ್ಣು ಪರೀಕ್ಷೆ ಮಾಡಿಸಿ, ಶಿಫಾರಸಿನಂತೆ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಕೊಡುವುದೇ ಸರಿಯಾದ ದಾರಿ. ಇದರಲ್ಲಿ ಶೇಕಡಾ 60 ರಷ್ಟು ಪೊಟ್ಯಾಷ್ ಇರುತ್ತದೆ. ಪಾಲಿಅಮೈನುಗಳನ್ನೇ ಎಲೆಗೆ ಸಿಂಪಡಿಸಿದ ಪ್ರಯೋಗಗಳೂ ನಡೆದಿವೆ. ಆದರೆ ಮಣ್ಣಿನಲ್ಲಿಲ್ಲದ ಪೊಟ್ಯಾಷನ್ನು ಸೀಸೆಯ ಪ್ರಚೋದಕ ತುಂಬಿಕೊಡಲಾರದು.

ಇನ್ನು ಮೇವಿನ ಗುಂಡಿ. ಇಲ್ಲಿ ಪ್ಯುಟ್ರೆಸೀನ್ ತನ್ನ ಹೆಸರಿಗೆ ತಕ್ಕಂತೆಯೇ ನಡೆಯುತ್ತದೆ. ಒಳ್ಳೆಯ ರಸಮೇವಿನಲ್ಲಿ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಬೇಗ ಹುಳಿಯಾಗಿಸಿ, ರಸಸಾರವನ್ನು 4 ರ ಸುಮಾರಿಗೆ ಇಳಿಸುತ್ತವೆ. ಮೇವು ತೀರ ಹಸಿಯಾಗಿದ್ದರೆ, ಮಣ್ಣು ಬೆರೆತಿದ್ದರೆ, ತುಳಿತ ಸಾಲದೆ ಗಾಳಿ ಉಳಿದಿದ್ದರೆ ಹುಳಿ ಏರುವುದು ತಡವಾಗುತ್ತದೆ. ಆಗ ಕ್ಲಾಸ್ಟ್ರಿಡಿಯಂ ಮುಂತಾದ ಬ್ಯಾಕ್ಟೀರಿಯಾಗಳು ಮೇವಿನ ಸಸಾರಜನಕವನ್ನು ಒಡೆದು ಪ್ಯುಟ್ರೆಸೀನ್, ಅದರ ಸೋದರ ಕ್ಯಾಡವೆರೀನ್, ಅಮೋನಿಯಾ ಮತ್ತು ಬ್ಯೂಟಿರಿಕ್ ಆಮ್ಲಗಳನ್ನು ಉಂಟುಮಾಡುತ್ತವೆ. ಗುಂಡಿ ತೆರೆದಾಗ ಹುಳಿವಾಸನೆಯ ಬದಲು ಕೊಳೆತ ನಾತ ಬಂದರೆ ಇದೇ ಕಾರಣ. ಅಂತಹ ಮೇವನ್ನು ಹಸು ಮೂಸಿ ಬಿಡುತ್ತದೆ, ತಿಂದರೂ ಕಡಿಮೆ ತಿನ್ನುತ್ತದೆ, ಹಾಲು ಇಳಿಯುತ್ತದೆ. ಅದನ್ನು ಹಿಂಡಿಯೊಡನೆ ಬೆರೆಸಿ ಉಣಿಸುವ ಜಾಣತನ ಬೇಡ.

ಮುಸುಕಿನ ಜೋಳವನ್ನು ಕಾಳು ಹಾಲುಗಟ್ಟುವ ಹಂತ ದಾಟಿ ಗಟ್ಟಿಯಾಗತೊಡಗಿದಾಗ, ತೇವಾಂಶ ಶೇಕಡಾ 65 ರಿಂದ 70 ಇರುವಾಗ ಕೊಯ್ಯಿರಿ. 2 ರಿಂದ 3 ಸೆಂಟಿಮೀಟರಿಗೆ ಕತ್ತರಿಸಿ, ಪದರ ಪದರವಾಗಿ ತುಳಿದು, ಗಾಳಿಯಾಡದಂತೆ ಮುಚ್ಚಿರಿ. ಒಂದು ಹಿಡಿ ತುಂಡನ್ನು ಬಿಗಿಯಾಗಿ ಹಿಂಡಿದಾಗ ನೀರು ತೊಟ್ಟಿಕ್ಕಿದರೆ ಮೇವು ಇನ್ನೂ ಹಸಿ. ಅಲಸಂದೆ, ಕುದುರೆಮಸಾಲೆಯಂತಹ ದ್ವಿದಳ ಮೇವುಗಳಲ್ಲಿ ಸಸಾರಜನಕ ಹೆಚ್ಚು, ಸಕ್ಕರೆ ಕಡಿಮೆ. ಅವನ್ನು ಬಾಡಿಸಿ, ಜೋಳದೊಡನೆ ಬೆರೆಸಿಯೇ ತುಂಬುವುದು ಕ್ಷೇಮ.

ಹೊಲಕ್ಕೂ ಗುಂಡಿಗೂ ಇರುವ ಇನ್ನೊಂದು ನಂಟನ್ನು ಅನೇಕರು ಗಮನಿಸುವುದಿಲ್ಲ. ಜೋಳದ ಗಿಡ ಹೀರಿದ ಪೊಟ್ಯಾಷಿನ ಹೆಚ್ಚಿನ ಪಾಲು ಉಳಿಯುವುದು ಕಾಳಿನಲ್ಲಲ್ಲ, ದಂಟು ಮತ್ತು ಎಲೆಗಳಲ್ಲಿ. ರಸಮೇವಿಗಾಗಿ ಇಡೀ ಗಿಡವನ್ನು ಕೊಯ್ದು ಸಾಗಿಸಿದರೆ ಅಷ್ಟೂ ಪೊಟ್ಯಾಷ್ ಹೊಲ ಬಿಟ್ಟು ಹೋಗುತ್ತದೆ. ಹಸು ಅದರಲ್ಲಿ ಬಹುಪಾಲನ್ನು ಗಂಜಲದ ಮೂಲಕ ಹೊರಹಾಕುತ್ತದೆ. ಕೊಟ್ಟಿಗೆಯ ನೆಲಕ್ಕೆ ಇಳಿಜಾರು ಕೊಟ್ಟು ಗಂಜಲವನ್ನು ತೊಟ್ಟಿಗೆ ಹರಿಸಿ, ಇಲ್ಲವೆ ಒಣ ಕಸಕಡ್ಡಿಗೆ ಹೀರಿಸಿ ತಿಪ್ಪೆಗೆ ಸೇರಿಸಿ, ಆ ಗೊಬ್ಬರವನ್ನು ಮೇವು ಕೊಯ್ದ ಹೊಲಕ್ಕೇ ಹಾಕಿರಿ.