ಆಯುಧಲಾಭವೂ ಗಣಕಕ್ರೀಡೆಯೂ

ಗಣಕಯಂತ್ರದ ಪಾತ್ರಧಾರಣಕ್ರೀಡೆಗಳಲ್ಲಿ ಶತ್ರುವಧೆಗಿಂತಲೂ ಹತನಾದವನಿಂದ ಉದುರುವ ಕೊಳ್ಳೆಯನ್ನು ಆಯ್ದುಕೊಳ್ಳುವುದೇ ಆಟಗಾರನಿಗೆ ಹೆಚ್ಚು ರುಚಿಸುವುದುಂಟು. 1996-97ರಲ್ಲಿ ಅಮೆರಿಕದಲ್ಲಿ ಹೊರಬಂದ 'ಡಯಾಬ್ಲೊ' ಇದಕ್ಕೆ ಮಾದರಿಯೆನ್ನಬಹುದು. ಅಲ್ಲಿ ಖಡ್ಗದ ಗುಣವು ಪಗಡೆಯ ಗರದಂತೆ ಯದೃಚ್ಛೆಯಿಂದ ನಿಶ್ಚಿತವಾಗುವುದು. ಗುರುತಿಸುವವರೆಗೆ ಗೂಢವಾಗಿಯೂ ಇರುವುದುಂಟು. 2000ದಲ್ಲಿ ಬಂದ ಅದರ ಎರಡನೆಯ ಭಾಗದಲ್ಲಿ ಆಯುಧದ ಕುಳಿಗಳಿಗೆ ರತ್ನಗಳನ್ನು ಕೂಡಿಸಿ ಬಲವನ್ನು ಹೆಚ್ಚಿಸುವ ಕ್ರಮವೂ ಸೇರಿತು. ಫಲವು ಯಾವ ಯತ್ನಕ್ಕೆ ದೊರೆಯುವುದೆಂದು ತಿಳಿಯದ ಪಾರಿವಾಳವು ಬಿಡದೆ ಕುಕ್ಕುತ್ತಲೇ ಇರುವುದೆಂದು ಫೆರ್‌ಸ್ಟರ್ ಮತ್ತು ಸ್ಕಿನ್ನರ್ 1957ರ ತಮ್ಮ ಗ್ರಂಥದಲ್ಲಿ ತೋರಿಸಿದರು. ಈ ಆಕರ್ಷಣೆಯ ಬಹುಭಾಗವು ಇಷ್ಟೇ.

ಭಾರತಕಥೆಯಲ್ಲಿಯೂ ಆಯುಧಸಂಗ್ರಹವು ಅಲ್ಪವಲ್ಲ. ಆದರೆ ಅಲ್ಲಿ ಪ್ರತಿಯೊಂದು ಅಸ್ತ್ರವೂ ಋಣಸಹಿತವಾಗಿಯೇ ಬರುವುದು. ಕವಚಕುಂಡಲಗಳನ್ನು ತೆತ್ತು ಪಡೆದ ಶಕ್ತ್ಯಾಯುಧವನ್ನು ಕರ್ಣನು ಅರ್ಜುನನಿಗೆಂದು ಕಾದಿರಿಸಿ, ಕಡೆಗೆ ಘಟೋತ್ಕಚನ ಮೇಲೆ ವ್ಯಯಮಾಡಬೇಕಾಯಿತು. (ಒಂದೇ ಸಲಕ್ಕೊದಗುವ ವಸ್ತುವನ್ನು ಬಚ್ಚಿಡುವ ಆಟಗಾರರು ಈ ಸಂಕಟವನ್ನು ಬಲ್ಲರು.) ಕ್ರೀಡೆಯಲ್ಲಾದರೋ ಹೆಚ್ಚಿನ ಅಂಕೆಯ ಖಡ್ಗವು ಕೈಸೇರಿದೊಡನೆ ನಿನ್ನೆಯದು ಮಾರಾಟಕ್ಕೆ ಹೋಗುವುದು. ಬ್ಯಾಕೋಡಿನಿಂದ ಹೊಸನಗರದವರೆಗಿನ ಸೀಮೆಯಲ್ಲಿ ಕರ್ಣಪರ್ವದ ತಾಳಮದ್ದಳೆಯನ್ನು ಕೇಳಿದವರು ಸರ್ಪಾಸ್ತ್ರದ ಸಂದರ್ಭವನ್ನು ಮರೆಯರು: ಗುರಿ ತಪ್ಪಿದ ಸರ್ಪವು ಮರಳಿ ಬಂದು ತನ್ನನ್ನು ಇನ್ನೊಮ್ಮೆ ತೊಡೆಂದು ಬೇಡುವುದು, ಗೆಲವು ಕೈಯಳತೆಯಲ್ಲಿದ್ದರೂ ಕರ್ಣನು ತೊಡಲೊಲ್ಲನು.