ಬಂಡೆ ಮೇಲೆ ಒಂದು ಟನ್: ಆಕ್ಸಲ್ ಬದಲಿಸುವ ಮುಂಚಿನ ಲೆಕ್ಕ

"33 ಇಂಚಿನ ಟೈರ್ ಹಾಕ್ಬಿಟ್ರೆ ಗಾಡಿ ಎಲ್ಲಿಗೆ ಬೇಕಾದ್ರೂ ಹತ್ತುತ್ತೆ" ಅನ್ನೋ ಮಾತು ಕ್ಯಾಂಟೀನಲ್ಲಿ ವಾರಕ್ಕೊಮ್ಮೆಯಾದರೂ ಕೇಳಿಬರುತ್ತದೆ. ಅದರ ಬೆನ್ನಿಗೇ ಬರೋದು "ಮೊದಲು ಆಕ್ಸಲ್ ಚೇಂಜ್ ಮಾಡಿಸ್ಬೇಕು ಮಗಾ". ಎರಡೂ ಪೂರ್ತಿ ಸುಳ್ಳಲ್ಲ. ಆದರೆ ಟೈರ್ ಯಾಕೆ, ಆಕ್ಸಲ್ ಯಾಕೆ ಅಂತ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತೆ. ಮೂರನೇ ಸೆಮಿಸ್ಟರಿನ ಗಣಿತದಲ್ಲೇ ಉತ್ತರ ಸಿಗುವ ಪ್ರಶ್ನೆ ಇದು, ಹಾಗಾಗಿ ಪೇಪರ್ ಮೇಲೆ ಒಮ್ಮೆ ಮಾಡಿ ನೋಡೋಣ ಅಂದುಕೊಂಡೆವು.

ಲೆಕ್ಕಕ್ಕೆ ಒಂದು ನೆಲ ಬೇಕು, ಒಂದು ಗಾಡಿ ಬೇಕು. ನೆಲ: ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕು, ಜಟಿಂಗ ರಾಮೇಶ್ವರ ಬೆಟ್ಟದ ಸುತ್ತಲಿನ ಸೀಮೆ. ಪಕ್ಕದ ಚಳ್ಳಕೆರೆಯೂ ಸೇರಿದಂತೆ ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ಜಾಗ. ಶೇಂಗಾ ಹೊಲ, ಒಣಗಿದ ಹಳ್ಳ, ಜಾಲಿ, ಮಧ್ಯೆ ಮಧ್ಯೆ ಯಾರೋ ತಂದು ಪೇರಿಸಿದಂಥ ಕಲ್ಲುಗುಂಡುಗಳು. ಗಾಡಿ: ಮಾರುತಿ ಜಿಪ್ಸಿ. 1985ರ ಕೊನೆಗೆ ಬಂದಿದ್ದು, ಸೈನ್ಯ, ಪೊಲೀಸು, ರ‍್ಯಾಲಿಯವರು ಎಲ್ಲರ ಕೈಯಲ್ಲೂ ಪಳಗಿದ್ದು. 1996ರ ನಂತರದ ಜಿಪ್ಸಿ ಕಿಂಗ್‌ನಲ್ಲಿ 1298 ಸಿಸಿ ಎಂಜಿನ್. ಬಟ್ಟೆ ಟಾಪಿನ ಗಾಡಿಯ ತೂಕ ಸುಮಾರು ಒಂದು ಟನ್, ಅಷ್ಟೇ. ಈಗಿನ ಜಿಮ್ನಿ 1200 ಕಿಲೋ ಹತ್ತಿರ, ಥಾರ್ 1700 ಕಿಲೋ ಆಸುಪಾಸು. ಈ ಒಂದು ಟನ್ ಅನ್ನೋ ಸಂಖ್ಯೆಯನ್ನ ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಅದರ ಸುತ್ತಲೇ ತಿರುಗುತ್ತೆ.

ಸಕಲೇಶಪುರ, ಕೊಡಗಿನ ಕೆಸರು ಬಿಟ್ಟು ಮೊಳಕಾಲ್ಮೂರಿನ ಬಂಡೆ ಯಾಕೆ ಅಂದರೆ, ಶಾಫ್ಟ್ ಮುರಿಯೋದು ಬಂಡೆ ಮೇಲೆ. ಕೆಸರಲ್ಲಿ ಟೈರ್ ಜಾರುತ್ತೆ. ಜಾರಿದಾಗ ಶಾಫ್ಟಿನ ಮೇಲಿನ ಭಾರ ಇಳಿದುಹೋಗುತ್ತೆ. ಒಂಥರಾ ಫ್ಯೂಸ್ ಇದ್ದ ಹಾಗೆ. ಒಣಗಿದ ಗ್ರಾನೈಟ್ ಮೇಲೆ ರಬ್ಬರು ಕಚ್ಚಿಕೊಂಡು ಕೂರುತ್ತೆ, ಘರ್ಷಣೆಯ ಗುಣಾಂಕವನ್ನ 0.8 ಅಂತ ಧಾರಾಳವಾಗಿ ಹಿಡಿಯಬಹುದು. ಅಲ್ಲಿ ಟೈರ್ ಜಾರಲ್ಲ, ಎಂಜಿನ್ ನಿಲ್ಲಲ್ಲ, ಮಧ್ಯದಲ್ಲಿ ಸಿಕ್ಕಿಕೊಂಡ ಆಕ್ಸಲ್ ಶಾಫ್ಟೋ ಸಿವಿ ಜಾಯಿಂಟೋ ಏಟು ತಿನ್ನುತ್ತೆ.

ಆ ಏಟು ಎಷ್ಟು? ಎಂಜಿನ್ನಿನ ಟಾರ್ಕನ್ನ ಗೇರ್‌ಗಳಿಂದ ಗುಣಿಸಿ ಹೇಳುವವರೇ ಜಾಸ್ತಿ. ಜಿಪ್ಸಿ ಕಿಂಗ್‌ನ ಎಂಜಿನ್ ಸುಮಾರು 100 ನ್ಯೂಟನ್ ಮೀಟರ್ ಕೊಡುತ್ತೆ. ಲೋ ರೇಂಜಿನ ಒಂದನೇ ಗೇರಿನಲ್ಲಿ ಅದು ಚಕ್ರಗಳ ಹತ್ತಿರ 3000 ದಾಟುತ್ತೆ. ಅಷ್ಟು ಟಾರ್ಕ್ ಚಕ್ರಕ್ಕೆ ಬರುವ ಮೊದಲೇ ಟೈರ್ ಜಾರಿರುತ್ತೆ. ಹಾಗಾಗಿ ಮಿತಿ ಹಾಕೋದು ಎಂಜಿನ್ ಅಲ್ಲ, ಟೈರಿನ ಹಿಡಿತ. ಒಂದು ಚಕ್ರದ ಶಾಫ್ಟಿಗೆ ಬರುವ ಗರಿಷ್ಠ ಟಾರ್ಕ್ ಅಂದರೆ ಘರ್ಷಣೆಯ ಗುಣಾಂಕ, ಆ ಚಕ್ರದ ಮೇಲಿನ ಭಾರ, ಚಕ್ರದ ತ್ರಿಜ್ಯ, ಈ ಮೂರರ ಗುಣಲಬ್ಧ.

ಸಾವಿರ ಕಿಲೋ ಗಾಡಿಯನ್ನ ನಾಲ್ಕು ಚಕ್ರಕ್ಕೆ ಸಮ ಹಂಚಿದರೆ ಒಂದಕ್ಕೆ 250 ಕಿಲೋ. 205/70 ಆರ್15 ಟೈರಿನ ವ್ಯಾಸ 668 ಮಿಲಿಮೀಟರ್. ಟಾರ್ಕ್ ಬರೋದು ಸುಮಾರು 655. ಅದೇ ಗಾಡಿಗೆ 31 ಇಂಚಿನ ಟೈರ್ ಹಾಕಿದರೆ ವ್ಯಾಸ 787, ಟಾರ್ಕ್ 773. ಈಗ ಟೈರಿನ ಜೊತೆಗೆ ದಪ್ಪ ಆಕ್ಸಲ್ಲು, ಉಕ್ಕಿನ ಬಂಪರು, ವಿಂಚು, ರೋಲ್ ಕೇಜು, ಮೇಲೊಂದು ರ‍್ಯಾಕು ಎಲ್ಲಾ ಸೇರಿಸಿ ಗಾಡಿ 1500 ಕಿಲೋ ಆಯಿತು ಅನ್ನಿ. ಟಾರ್ಕ್ 1160ಕ್ಕೆ ಏರುತ್ತೆ. ಟೈರಿನಿಂದ ಏರಿದ್ದು ಶೇ 18, ತೂಕದಿಂದ ಅದರ ಮೇಲೆ ಶೇ 50. ಗುಂಡಿನ ಮೇಲೆ ಗಾಡಿ ಅಡ್ಡಡ್ಡ ತಿರುಚಿಕೊಂಡು ಕರ್ಣದ ಎರಡೇ ಚಕ್ರದ ಮೇಲೆ ನಿಂತಾಗ ಈ ಅಂಕಿಗಳೆಲ್ಲ ಡಬಲ್. ಡಿಫರೆನ್ಷಿಯಲ್ ಲಾಕರ್ ಇದ್ದರೆ ಒಂದೇ ಶಾಫ್ಟು ಆಕ್ಸಲ್ಲಿನ ಇಡೀ ಟಾರ್ಕನ್ನ ಹೊರಬೇಕಾಗಿ ಬರಬಹುದು.

ಅಂದರೆ ದೊಡ್ಡ ಆಕ್ಸಲ್ ಬೇಕಾಗೋದು ಎಷ್ಟೋ ಸಲ ನಾವೇ ಹೇರಿದ ತೂಕದಿಂದ. ದೊಡ್ಡ ಆಕ್ಸಲ್ ತಾನೂ ತೂಕ ತರುತ್ತೆ, ಆ ತೂಕಕ್ಕೆ ಗಟ್ಟಿ ಸ್ಪ್ರಿಂಗ್, ಅದಕ್ಕೆ ಇನ್ನೊಂದು. ಗಾಡಿಯನ್ನ ಒಂದು ಟನ್ನಿನ ಹತ್ತಿರವೇ ಹಿಡಿದಿಟ್ಟು, ಟೈರನ್ನ 30-31 ಇಂಚಿಗೆ ನಿಲ್ಲಿಸಿದರೆ ಮೂಲ ಆಕ್ಸಲ್ಲೇ ಬಹಳ ದೂರ ಬರುತ್ತೆ ಅನ್ನೋದು ನಮ್ಮ ಅಭಿಪ್ರಾಯ. ಒಪ್ಪದವರು ನಮ್ಮ ಕ್ಲಬ್ಬಿನಲ್ಲೇ ಇದ್ದಾರೆ.

ಹಾಗಾದರೆ ದೊಡ್ಡ ಟೈರ್ ಬೇಡವೇ ಬೇಡ್ವಾ? ಬೇಕು, ಒಂದು ಕಾರಣಕ್ಕೆ. ಗಟ್ಟಿ ಆಕ್ಸಲ್ ಇರುವ ಗಾಡಿಯಲ್ಲಿ ನೆಲಕ್ಕೆ ಅತಿ ಹತ್ತಿರ ಇರೋದು ಡಿಫರೆನ್ಷಿಯಲ್ಲಿನ ಹೊಟ್ಟೆ. ಸ್ಪ್ರಿಂಗ್ ಎತ್ತರಿಸಿ ಬಾಡಿಯನ್ನ ಎಷ್ಟು ಮೇಲೆತ್ತಿದರೂ ಆ ಹೊಟ್ಟೆ ಇದ್ದಲ್ಲೇ ಇರುತ್ತೆ. ಅದನ್ನ ಎತ್ತೋದು ಟೈರ್ ಮಾತ್ರ, ಅದೂ ಹೆಚ್ಚಾದ ವ್ಯಾಸದ ಅರ್ಧ. 668ರಿಂದ 787ಕ್ಕೆ ಹೋದರೆ 60 ಮಿಲಿಮೀಟರ್. ಜಿಪ್ಸಿಯ 210 ಮಿಲಿಮೀಟರ್ 270 ಆಗುತ್ತೆ. ಕಲ್ಲಿನ ಸೀಮೆಯಲ್ಲಿ ಇದು ಸಣ್ಣದೇನಲ್ಲ. (ಪೋರ್ಟಲ್ ಆಕ್ಸಲ್ ಅಂತ ಇನ್ನೊಂದು ದಾರಿ ಇದೆ. ಮರ್ಸಿಡಿಸ್ ಉನಿಮಾಗ್‌ನಲ್ಲಿ ಇರೋ ಥರ ಚಕ್ರದ ಬುಡದಲ್ಲಿ ಒಂದು ಗೇರ್‌ಬಾಕ್ಸ್ ಇಟ್ಟು ಆಕ್ಸಲ್ಲನ್ನ ಚಕ್ರದ ಮಧ್ಯಕ್ಕಿಂತ ಮೇಲೆ ಕೂರಿಸೋದು. ಸೊಗಸಾದ ಯೋಚನೆ. ಒಂದು ಟನ್ನಿನ ಗಾಡಿಗೆ ತೂಕವೂ ಖರ್ಚೂ ಎರಡೂ ಹೊರೆ.)

ಟೈರ್ ಕೊಳ್ಳೋ ಮುಂಚೆ ಪುಕ್ಕಟೆ ಸಿಗೋದನ್ನ ಮಾಡಿ ನೋಡಿ: ಗಾಳಿ ಇಳಿಸಿ. ಟೈರ್ ನೆಲಕ್ಕೆ ತಾಗುವ ಜಾಗ ಅಂದಾಜಿಗೆ ಭಾರವನ್ನ ಗಾಳಿಯ ಒತ್ತಡದಿಂದ ಭಾಗಿಸಿದಷ್ಟು. 250 ಕಿಲೋ ಭಾರಕ್ಕೆ 26 ಪಿಎಸ್‌ಐನಲ್ಲಿ ಸುಮಾರು 137 ಚದರ ಸೆಂಟಿಮೀಟರ್, 12ರಲ್ಲಿ 297. ಹಳ್ಳದ ಮರಳಲ್ಲಿ ಹೂತುಹೋಗೋ ಗಾಡಿ ಇಷ್ಟಕ್ಕೇ ಈಚೆ ಬರುತ್ತೆ. ಇಲ್ಲೂ ಹಗುರ ಗಾಡಿಗೇ ಲಾಭ, ಯಾಕಂದ್ರೆ ಭಾರದ ಗಾಡಿಯ ಟೈರಲ್ಲಿ ಅಷ್ಟು ಗಾಳಿ ಇಳಿಸಿದರೆ ರಿಮ್ಮು ಕಲ್ಲಿಗೆ ಬಡಿಯುತ್ತೆ. ಮೊಳಕಾಲ್ಮೂರು ಕಡೆ ಇನ್ನೊಂದು ಎಚ್ಚರಿಕೆ: ಜಾಲಿಮುಳ್ಳು ಟ್ರೆಡ್ಡಿಗೆ ಚುಚ್ಚಿದರೆ ಪಂಕ್ಚರ್ ಹಾಕಬಹುದು, ಉಬ್ಬಿದ ಪಕ್ಕದ ಗೋಡೆಯನ್ನ ಕಲ್ಲು ಸೀಳಿದರೆ ಟೈರೇ ಹೋಯಿತು. ಗಾಳಿ ಪಂಪು ಜೊತೆಗಿಲ್ಲದೆ ಗಾಳಿ ಇಳಿಸಬೇಡಿ.

ಇನ್ನು ಗೇರು. ದೊಡ್ಡ ಟೈರ್ ಹಾಕೋದೂ ಒಂದೇ, ಗೇರನ್ನ ಎತ್ತರಿಸೋದೂ ಒಂದೇ. ಒಂದನೇ ಗೇರು 3.65, ಟ್ರಾನ್ಸ್‌ಫರ್ ಕೇಸಿನ ಲೋ 2.27, ಡಿಫರೆನ್ಷಿಯಲ್ 3.9 ಅಂತ ಇಟ್ಟುಕೊಂಡರೆ ಒಟ್ಟು 32ರ ಚಿಲ್ಲರೆ. ಎಂಜಿನ್ 800 ಆರ್‌ಪಿಎಂನಲ್ಲಿ ಓಡುವಾಗ ಮೂಲ ಟೈರಿನ ಗಾಡಿ ಗಂಟೆಗೆ 3.1 ಕಿಲೋಮೀಟರ್ ತೆವಳುತ್ತೆ. 31 ಇಂಚಿಗೆ ಅದು 3.7, 33 ಇಂಚಿಗೆ 3.9. ಕಾಗದದ ಮೇಲೆ ಸಣ್ಣ ವ್ಯತ್ಯಾಸ ಅನ್ನಿಸುತ್ತೆ. ಗುಂಡಿನ ಅಂಚಿಗೆ ಚಕ್ರ ತಾಗಿಸಿ ನಿಧಾನಕ್ಕೆ ಹತ್ತಿಸಬೇಕಾದ ಕಡೆ ಅರ್ಧ ಕಿಲೋಮೀಟರ್ ವೇಗ ಜಾಸ್ತಿ ಅಂದರೆ ಕ್ಲಚ್ಚಿನ ಮೇಲೆ ಕಾಲಿಟ್ಟೇ ಓಡಿಸಬೇಕು, ಶಾಫ್ಟಿಗೆ ಜರ್ಕ್ ಹೊಡೀಬೇಕು. ಆಕ್ಸಲ್ ಬದಲಿಸೋಕೆ ನಿಜವಾದ ಕಾರಣ ಸಿಗೋದು ಇಲ್ಲಿ, ಗಟ್ಟಿತನಕ್ಕಿಂತ ಗೇರಿನ ಅನುಪಾತಕ್ಕೆ.

ಗುಜರಿಯಲ್ಲಿ ಹುಡುಕಿದರೆ ಮಹೀಂದ್ರಾ ಕಟ್ಟಿದ ಹಳೇ ವಿಲ್ಲಿಸ್ ಸಿಜೆ-3ಬಿ ಜೀಪಿನ ಆಕ್ಸಲ್ ಇನ್ನೂ ಸಿಕ್ಕೀತು. ಅದರ ಅನುಪಾತ 5.38. ಲೆಕ್ಕಕ್ಕೆ ಹಾಕಿ ನೋಡಿ: ಒಟ್ಟು ಅನುಪಾತ 44.6 ಆಗುತ್ತೆ, 31 ಇಂಚಿನ ಟೈರಿನಲ್ಲೂ ಗಂಟೆಗೆ 2.7 ಕಿಲೋಮೀಟರಿಗೆ ಇಳಿಯುತ್ತೆ. ಮೂಲ ಗಾಡಿಗಿಂತ ನಿಧಾನ. ಕೇಳೋಕೆ ಹಬ್ಬ. ಆದರೆ ಗುಜರಿಯವರ ಹತ್ತಿರ ಚೌಕಾಸಿ ಶುರು ಮಾಡೋ ಮುಂಚೆ ಮೂರು ವಿಷಯ ನೋಡಲೇಬೇಕು.

ಮುಂದಿನ, ಹಿಂದಿನ ಆಕ್ಸಲ್‌ಗಳ ಅನುಪಾತ ಒಂದೇ ಇರಬೇಕು. ಮುಂದೆ 3.9, ಹಿಂದೆ 5.38 ಇಟ್ಟು ಫೋರ್ ವೀಲ್ ಹಾಕಿದರೆ ಎರಡೂ ಪ್ರೊಪೆಲ್ಲರ್ ಶಾಫ್ಟ್ ಒಂದಕ್ಕೊಂದು ಜಗಳ ಆಡಿ ಟ್ರಾನ್ಸ್‌ಫರ್ ಕೇಸ್ ಒಡೆಯುತ್ತೆ. ಎರಡನೇದು, ಡಿಫರೆನ್ಷಿಯಲ್ ಯಾವ ಪಕ್ಕಕ್ಕಿದೆ ಅನ್ನೋದು. ವಿಲ್ಲಿಸ್‌ನಲ್ಲಿ ಮುಂದಿನದು ಬಲಕ್ಕಿದೆ. ನಿಮ್ಮ ಟ್ರಾನ್ಸ್‌ಫರ್ ಕೇಸಿನಿಂದ ಶಾಫ್ಟ್ ಹೊರಡೋದೂ ಅದೇ ಪಕ್ಕದಿಂದ ಆಗಿರಬೇಕು. ಮೂರನೇದನ್ನ ಜನ ಮರೆಯೋದೇ ಹೆಚ್ಚು: ಎರಡು ಚಕ್ರಗಳ ನಡುವಿನ ಅಗಲ. ವಿಲ್ಲಿಸ್‌ದು ಹತ್ತಿರ ಹತ್ತಿರ 1245 ಮಿಲಿಮೀಟರ್, ಜಿಪ್ಸಿಯದೇ 1300. ದೊಡ್ಡ ಟೈರ್ ಹಾಕಿ, ಗಾಡಿ ಎತ್ತರಿಸಿ, ಕೊನೆಗೆ ಕಾಲು ಕಿರಿದು ಮಾಡಿದ ಹಾಗಾಯಿತು.

ಇದರ ಬೆಲೆ ಎಷ್ಟು ಅಂತಲೂ ನೋಡಿಬಿಡೋಣ. ಪಕ್ಕಕ್ಕೆ ವಾಲಿ ಉರುಳುವ ಕೋನದ ಟ್ಯಾಂಜೆಂಟ್ ಅಂದರೆ ಅಗಲದ ಅರ್ಧವನ್ನ ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದ್ದು. ಎತ್ತರ 650 ಅಂತ ಇಟ್ಟುಕೊಂಡರೆ ಮೂಲ ಗಾಡಿಗೆ 45 ಡಿಗ್ರಿ. ಟೈರಿನಿಂದ 60, ಸ್ಪ್ರಿಂಗ್‌ನಿಂದ 75 ಎತ್ತರಿಸಿದರೆ 39.6. ಅದರ ಮೇಲೆ ವಿಲ್ಲಿಸ್ ಆಕ್ಸಲ್ ಹಾಕಿದರೆ 38.4. 1450 ಅಗಲದ ಆಕ್ಸಲ್ ಸಿಕ್ಕರೆ 42.7. ನಿಂತ ಗಾಡಿಯ ಲೆಕ್ಕ ಇದು. ಓಡುವ ಗಾಡಿ, ಕುಗ್ಗುವ ಸ್ಪ್ರಿಂಗು, ಒಂದು ಕಲ್ಲು ಜಾರಿದ್ದು ಎಲ್ಲಾ ಸೇರಿದರೆ ಇದರಲ್ಲಿ ಎಷ್ಟೋ ಡಿಗ್ರಿ ಕಳೀಬೇಕು. ಹಾಗಾಗಿ ಆಕ್ಸಲ್ ಹುಡುಕುವಾಗ ಟೇಪು ಹಿಡಿದು ಅಗಲ ಅಳೆಯೋದು ಮೊದಲು, ಹೆಸರು ಕೇಳೋದು ಆಮೇಲೆ. ಹೊಂದೋ ಅಗಲ ಸಿಗದಿದ್ದರೆ ಮೂಲ ಆಕ್ಸಲ್ಲಿನಲ್ಲೇ ಕ್ರೌನ್-ಪಿನಿಯನ್ ಮಾತ್ರ ಬದಲಿಸಿ 4.6ರ ಹತ್ತಿರ ತಂದರೆ 31 ಇಂಚಿನ ಟೈರಿಗೆ ಮೊದಲಿನ ಗೇರೇ ವಾಪಸ್ ಸಿಗುತ್ತೆ.

ಬದಲಿಸಲೇಬೇಕು ಅಂದರೆ ಕೆಲಸದ ಹೆಚ್ಚಿನ ಪಾಲು ಸ್ಪ್ರಿಂಗ್ ಪ್ಯಾಡನ್ನ ಎಲ್ಲಿ ಬೆಸುಗೆ ಹಾಕ್ತೀರಿ ಅನ್ನೋದರಲ್ಲಿದೆ. ಗಾಡಿಯ ಪೂರ್ತಿ ತೂಕ ಚಕ್ರದ ಮೇಲೆ ಕೂತ ಮೇಲೆ ಪಿನಿಯನ್ ಕೋನ, ಮುಂದಿನ ಆಕ್ಸಲ್ಲಿನ ಕ್ಯಾಸ್ಟರ್ ಎರಡನ್ನೂ ಹೊಂದಿಸಿ ಟ್ಯಾಕ್ ಹಾಕಿ. ಪೂರ್ತಿ ಬೆಸುಗೆಯನ್ನ ತುಂಡು ತುಂಡಾಗಿ, ತಣಿಯೋಕೆ ಬಿಟ್ಟು ಹಾಕಿ, ಇಲ್ಲದಿದ್ದರೆ ಟ್ಯೂಬ್ ಬಾಗುತ್ತೆ. ಬ್ರೇಕಿನ ಮಾತು ಚಿಕ್ಕದು: ಟೈರ್ ಶೇ 18 ದೊಡ್ಡದಾದರೆ ಅದೇ ಪೆಡಲ್ ಒತ್ತಿಗೆ ನೆಲದಲ್ಲಿ ಸಿಗೋ ಹಿಡಿತ ಶೇ 15ರಷ್ಟು ಕಮ್ಮಿ. ಮೊದಲು ಅದನ್ನ ಸರಿಮಾಡಿ, ಮಿಕ್ಕಿದ್ದು ಆಮೇಲೆ.

ಈಗ ಎಲ್ಲಿ ಓಡಿಸೋದು? ಜಟಿಂಗ ರಾಮೇಶ್ವರವನ್ನ ಲೆಕ್ಕಕ್ಕೆ ತಗೊಂಡೆವು, ಬೆಟ್ಟಕ್ಕೆ ಗಾಡಿ ಹತ್ತಿಸೋಕೆ ಅಲ್ಲ. ರಾವಣನ ಜೊತೆ ಕಾದಾಡಿ ಜಟಾಯು ಬಿದ್ದ ಜಾಗ ಅಂತ ಸುತ್ತಲ ಜನ ನಂಬುವ ಬೆಟ್ಟ ಅದು. ಮೇಲೆ ರಾಮೇಶ್ವರನ ಗುಡಿಯಿದೆ. ಅಲ್ಲೇ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರದ ಶಾಸನಗಳ ಜೊತೆ ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದದ್ದು. ಮೂರರಲ್ಲಿ ಹೆಚ್ಚು ಸವೆದಿರೋದು ಇದೇ. ಅಕ್ಷರ ಕೊರೆದಿರೋದು ನಿಂತ ಗೋಡೆಯಂಥ ಕಲ್ಲಿನ ಮೇಲಲ್ಲ, ಮಲಗಿದ ಬಂಡೆಯ ಮೇಲೆ. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆ ಅಂಗಡಿ ಹೂಡುತ್ತಿದ್ದರಿಂದ ಊರವರ ಬಾಯಲ್ಲಿ ಅದು ಬಳೆಗಾರ ಗುಂಡು. ಜನ ಓಡಾಡಿದ್ದಕ್ಕೇ ಸವೆಯುವ ಅಕ್ಷರದ ಪಕ್ಕ ಉಕ್ಕಿನ ಡಿಫರೆನ್ಷಿಯಲ್ ಹೊಟ್ಟೆ ಗೀಚಿದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ ಇದೆ. ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲುಗಳೂ ಬೇಡ. ಖಾಲಿ ಬಯಲಿನ ಹಾಗೆ ಕಂಡರೂ ಅವು ದನಕುರಿ ಮೇಯುವ ಹುಲ್ಲುಗಾವಲು. ಮಳೆ ಕಮ್ಮಿ ಇರೋ ಕಡೆ ಚಕ್ರದ ಗಾಲಿ ಬಿದ್ದ ಹುಲ್ಲು ಬೇಗ ಮೇಲೇಳಲ್ಲ.

ರಸ್ತೆಯಲ್ಲಿ? ಅದೂ ಆಗಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. ಕೇರಳದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಆಕ್ಸಲ್ ಒಂದು, ಟೈರ್ ಒಂದು, ಬಂಪರ್ ಒಂದು ಅಂತ ಎಣಿಸುತ್ತಾ ಹೋಗಿ.

ಉಳಿಯೋದು ಅನುಮತಿ ಪಡೆದ ಖಾಸಗಿ ಜಮೀನು, ಗಾಡಿಯನ್ನ ಅಲ್ಲಿಗೆ ಹೊತ್ತೊಯ್ಯೋ ಟ್ರೈಲರ್. ಅದೂ ಆಗದವರಿಗೆ 2007ರಿಂದ ನಡೀತಿರೋ ಬಾಹಾ ಎಸ್‌ಎಇ ಇಂಡಿಯಾ ಇದೆ. ಪೆಟ್ರೋಲ್ ಎಂಜಿನ್ ವಿಭಾಗದ ಎಲ್ಲ ಟೀಮಿಗೂ ಅದೇ 10 ಅಶ್ವಶಕ್ತಿಯ ಎಂಜಿನ್, ಹಾಗಾಗಿ ಅಲ್ಲಿ ಗೆಲ್ಲೋಕೆ ಉಳಿಯೋ ದಾರಿ ಕಿಲೋ ಇಳಿಸೋದೊಂದೇ. ಈ ವರ್ಷದ ಟೀಮಿಗೆ ಸೇರುವವರು ಡಿಸೈನ್ ಫೈಲಿನ ಮೊದಲ ಪುಟದಲ್ಲಿ ಬೋಲ್ಟಿನಿಂದ ಹಿಡಿದು ಸೀಟಿನವರೆಗೆ ಪ್ರತಿ ಭಾಗದ ತೂಕದ ಪಟ್ಟಿ ಬರೆದು ತನ್ನಿ. ಸ್ಪ್ರಿಂಗಿನ ಲೆಕ್ಕ ಅಲ್ಲಿಂದ ಶುರು ಮಾಡೋಣ.